ಮೇಷ್ಟ್ರ ಸಾಲು

ಗುಬ್ಬಿಯಿಂದ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ನಾನು ಹನ್ನೊಂದು ವರ್ಷ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಎಷ್ಟು ಕಲಿಸಿದೆನೋ ಹೇಳಲಾರೆ. ರೈತರಿಗೆ ಬೇಸಾಯ ಕಲಿಸಲು ಹೋದದ್ದು ಮಾತ್ರ ಊರಿಗೆಲ್ಲ ನೆನಪಿದೆ. ನಾನು ನೇಗಿಲು ಮುಟ್ಟಿದವನಲ್ಲ. ಆದರೆ ಓದಲು ಬರುತ್ತಿತ್ತು, ಗಂಟಲೂ ದೊಡ್ಡದಿತ್ತು.

ಬೇಸಾಯದ ಕರಪತ್ರಗಳು ಕಟ್ಟುಗಟ್ಟಲೆ ಶಾಲೆಗೇ ಬರುತ್ತಿದ್ದವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಜಗಲಿಯಲ್ಲಿ ನಿಂತು ಅವನ್ನು ಪಾಠದಂತೆ ಓದುತ್ತಿದ್ದೆ. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವನು ಅಡವಿಯಪ್ಪ. ಅವನಿಗೆ ಅಕ್ಷರ ಬಾರದು. ಇದ್ದ ಒಂದೂವರೆ ಎಕರೆಯ ರಾಗಿಯೇ ಮನೆಯ ಆರು ಜನರ ವರ್ಷದ ಮುದ್ದೆಗೆ ಆಧಾರ. ಅವನು ರೇಡಿಯೋ ಕೇಳುವನು, ಗುಬ್ಬಿಯ ಗೊಬ್ಬರದಂಗಡಿಯ ಬಾಬಾ ಜಾನ್ ಸಾಹೇಬರನ್ನು ಕೇಳುವನು, ಹೆಂಡತಿ ಪುಟ್ಟತಾಯಮ್ಮನನ್ನೂ ಕೇಳುವನು. ಎಲ್ಲರಿಗೂ ತಲೆದೂಗುವನು. ನನಗೆ ಕೊಂಚ ಹೆಚ್ಚೇ ತೂಗುತ್ತಾನೆಂದು ನಾನು ನಂಬಿದ್ದೆ.

೧೯೯೬ರ ಆಗಸ್ಟ್. ಬಿತ್ತಿ ತಿಂಗಳಾಗಿತ್ತು, ಮಳೆ ನಿಂತು ಹತ್ತು ದಿನವಾಗಿತ್ತು. ಆ ಶನಿವಾರ ರಾಗಿಗೆ ಮೇಲುಗೊಬ್ಬರದ ವಿಚಾರ ಓದಿದೆ: ಬಿತ್ತಿ ತಿಂಗಳಿಗೆ ಯೂರಿಯಾ ಕೊಡಬೇಕು. ಯಾರೂ ಎದುರಾಡಲಿಲ್ಲ. ಮೇಷ್ಟ್ರಿಗೆ ಎದುರಾಡುವ ವಾಡಿಕೆ ಆ ಊರಲ್ಲಿರಲಿಲ್ಲ.

"ಹಾಕ್ತೀನಿ ಬುಡಿ ಮೇಷ್ಟ್ರೆ" ಎಂದು ಅಡವಿಯಪ್ಪ ಎದ್ದು ಹೋದ.

ಮಂಗಳವಾರ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಕರಪತ್ರದ ಕಾಗದ ಗಟ್ಟಿಯಾಗಿದೆಯೆಂದು, ಕೊನೆಯ ಹಾಳೆಗಳನ್ನೆಲ್ಲ ಕಿತ್ತು ಪುಸ್ತಕಕ್ಕೆ ಬೈಂಡ್ ಹಾಕಿಕೊಳ್ಳಲು ಹಂಚಿದವನು ನಾನೇ. ಒಂದು ಪುಸ್ತಕದ ಬೆನ್ನಿನಲ್ಲಿ ದಪ್ಪಕ್ಷರ ಕಂಡಿತು: ಮಣ್ಣಿನಲ್ಲಿ ತೇವವಿಲ್ಲದಾಗ ಯೂರಿಯಾ ಹಾಕಬಾರದು, ಪೈರು ಸುಡುತ್ತದೆ.

ಕೆಂಪು ಪೆನ್ನು ಕಿವಿಯ ಸಂದಿಯಲ್ಲಿದ್ದಂತೆಯೇ ಸೈಕಲ್ ಹತ್ತಿದೆ. ದೂರದಿಂದಲೇ ಬದುವಿನ ಪಕ್ಕ ಕೆಂಪಗೆ ಸುಟ್ಟ ಪೈರು ಕಾಣಿಸಿತು. ಆರು ಜನರ ಮುದ್ದೆಯನ್ನು ನನ್ನ ಗಂಟಲೇ ನುಂಗಿತೆಂದುಕೊಂಡೆ. ಸೈಕಲ್ ಬಿಸಾಕಿ ಓಡಿದೆ. ಹತ್ತಿರ ಹೋಗಿ ನೋಡಿದರೆ ಸುಟ್ಟದ್ದು ಒಂದೇ ಸಾಲು. ಆಚೆಗೆಲ್ಲ ಹಸಿರು.

ಕಳೆ ಕೀಳುತ್ತಿದ್ದ ಅಡವಿಯಪ್ಪನಿಗೆ ಹಾಳೆಯ ಕಥೆಯನ್ನೆಲ್ಲ ಒಪ್ಪಿಸಿದೆ.

"ಅದು ನಿಮ್ಮ ಸಾಲು ಮೇಷ್ಟ್ರೆ" ಎಂದ. "ಪಕ್ಕದ್ದು ರೇಡಿಯೋದು, ಅದ್ರಾಚೇದು ಸಾಬ್ರದು. ಯಾರೇನೇ ಹೇಳ್ಲಿ, ಮೊದ್ಲು ಒಂದು ಸಾಲಿಗೆ ಮಾಡಿ ನೋಡ್ತೀನಿ."

"ತೇವ ಇಲ್ದಾಗ ಹಾಕಬಾರ್ದು ಅಂತ ನಿನಗೆ ಗೊತ್ತಿರ್ಲಿಲ್ವೇನಯ್ಯ?"

"ಗೊತ್ತಿತ್ತು. ನೀವು ಅಷ್ಟು ಚೆನ್ನಾಗಿ ಓದ್ತಿದ್ರಿ, ಮಧ್ಯೆ ಬಾಯಿ ಹಾಕೋದು ಹೆಂಗೆ?"

ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಪುಟ್ಟತಾಯಮ್ಮ ತಲೆ ಎತ್ತದೆಯೇ ಹೇಳಿದಳು: "ಹೋದ್ವರ್ಸ ನಿಮ್ಮ ಸಾಲು ನಡುವೆ ಇತ್ತು ಮೇಷ್ಟ್ರೆ. ಈ ಸಲ ಬದುವಿನ ಪಕ್ಕಕ್ಕೆ ತಳ್ಳಿದ್ವಿ. ದನ ಮೇಯ್ದ್ರೂ ಚಿಂತೆಯಿಲ್ಲ."

ಹಾಗಾದರೆ ನನ್ನ ಓದನ್ನು ಕೇಳಲು ವಾರವಾರವೂ ಬರುವುದೇಕೆ ಎಂದು ಕೇಳಿದೆ. ಒಂದು ಸಾಲು ಸುಟ್ಟು ಹೋದರೂ ಅದರಿಂದ ಒಂದು ವಿಷಯ ತಿಳಿಯುತ್ತದಲ್ಲ ಎಂದ. ಅವನ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು.

ಮುಂದಿನ ಶನಿವಾರ ಅವರೆ ಬೆಳೆಯ ಕರಪತ್ರ ಹಿಡಿದು ನಿಂತೆ. ಅಡವಿಯಪ್ಪ ಎಂದಿನ ಜಾಗದಲ್ಲೇ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, ಬಹಳ ಮರ್ಯಾದೆಯಿಂದ, "ಹಾಳೆ ಪೂರ್ತಿ ಐತಾ, ಎಣಿಸ್ಕಳಿ ಮೇಷ್ಟ್ರೆ" ಎಂದ.

ಎಣಿಸಿದೆ. ಒಂದು ಕಡಿಮೆಯಿತ್ತು. ಒಳಗೆ ಹೋಗಿ ಮೂರನೆಯ ತರಗತಿಯ ಗಣಿತದ ನೋಟ್‌ಬುಕ್ಕೊಂದನ್ನು ತಂದು, ಮೊದಲು ಅದರ ಬೈಂಡನ್ನು ಓದಿದೆ.