‘ಡ್ರಾಪ್ ಬೈ’ ಕುರಿತು ಒಂದು ಟಿಪ್ಪಣಿ

ದೆಹಲಿಯ ಕಿದ್ವಾಯಿ ನಗರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಸೆಕ್ಷನ್ ಆಫೀಸರು ಯಾವ ಇಂಗ್ಲಿಷ್ ಮಾತನ್ನೂ ಸುಲಭಕ್ಕೆ ನಂಬಿದವರಲ್ಲ. ಹಾಲಿನ ಬೂತಿನ ನೋಟೀಸನ್ನೂ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, “ಇರಲಿ, ತೂಗಿ ನೋಡೋಣ” ಎನ್ನುತ್ತಿದ್ದರು. ‘ಅಂಡರ್ ಕನ್ಸಿಡರೇಶನ್’ ಎಂದರೆ ಆಗುವುದಿಲ್ಲ ಎಂದರ್ಥವೆಂದು ಮೂವತ್ತು ವರ್ಷದ ಕಡತಗಳು ಅವರಿಗೆ ಕಲಿಸಿದ್ದವು.

ಒಂದು ಭಾನುವಾರ ಮೊಬೈಲು ಹಿಡಿದು ಕೆಳಗಿಳಿದು ಬಂದರು. ತನ್ನ ಮದುವೆಯ ವಿಷಯಕ್ಕೆ ಜಗಳವಾಡಿ ಒಂದು ವರ್ಷದಿಂದ ಮಾತು ಬಿಟ್ಟಿದ್ದ ಮಗಳು ದ್ವಾರಕಾದಿಂದ ಸಂದೇಶ ಕಳಿಸಿದ್ದಳು: ‘ಯು ಕ್ಯಾನ್ ಡ್ರಾಪ್ ಬೈ ಸಮ್‌ಟೈಮ್.’

“‘ಪ್ಲೀಸ್ ಕಮ್’ ಅಂದಿಲ್ಲ, ಗಮನಿಸಿ. ‘ಕ್ಯಾನ್’ ಅನ್ನೋದು ಬರೀ ಅನುಮತಿ, ಆಹ್ವಾನ ಅಲ್ಲ. ಇನ್ನು ‘ಡ್ರಾಪ್ ಬೈ’ ಅಂದರೆ ಹಾಗೇ ಬಂದು ಹೋಗೋದು; ಒಳಗೆ ಹೋಗಿ ಕೂತ್ಕೋಬಹುದಾ?”

“ಸರ್, ಮಗಳು ಕರೆದಿದ್ದಾಳೆ. ಚಲೋ, ಮೆಟ್ರೋ ಹತ್ತೋಣ,” ಎಂದೆ.

“ನಿಮಗೆ ಡ್ರಾಫ್ಟಿಂಗ್ ಗೊತ್ತಿಲ್ಲ,” ಎಂದವರು ದನಿ ತಗ್ಗಿಸಿದರು. “ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿಬಿಟ್ಟರೆ?”

ಉತ್ತರದ ಕರಡು ನಾಲ್ಕು ಸಲ ತಿದ್ದುಪಡಿಯಾಯಿತು, ಒಂದೂ ರವಾನೆಯಾಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ನಾನೇ ಅವರನ್ನು ಹೊರಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವರು ‘ಸಮ್‌ಟೈಮ್’ ಎಂಬುದರ ವ್ಯಾಪ್ತಿಯಲ್ಲಿ ಭಾನುವಾರ ಬರುತ್ತದೆಯೇ ಎಂದು ಕೇಳುತ್ತಿದ್ದರು.

ಬಾಗಿಲು ತೆರೆದ ಮಗಳು, “ಅಚ್ಛಾ... ಅಪ್ಪಾ, ಊಟ ಆಯ್ತಾ?” ಎಂದಳು.

ಹೊರಡುವ ಮುಂಚೆಯಷ್ಟೇ ನಮ್ಮ ಮನೆಯಲ್ಲಿ ಹುಳಿಯನ್ನ ಎರಡು ಸಲ ಹಾಕಿಸಿಕೊಂಡು ಬಂದಿದ್ದ ಆ ಅಧಿಕಾರಿಗಳು ನನ್ನ ಮುಖವನ್ನೂ ನೋಡದೆ, “ಇಲ್ಲಮ್ಮಾ” ಎಂದು ಚಪ್ಪಲಿ ಕಳಚಿದರು.