ಜೀಪಿನ ಕಿಡಕಿ ಬಿಚ್ಚಿಡುತ್ತಿದ್ದ ಚಾಚಾ

ನಿಮ್ಮ ಊರಿನ ಹುಡುಗಿಯರು ಕಾಲೇಜಿಗೆ ಹೋಗುವ ವಾಹನದಲ್ಲಿ, ಅವರು ಕೂರುವ ಜಾಗದಲ್ಲೇ, ನೀವು ಒಮ್ಮೆಯಾದರೂ ಕುಳಿತಿದ್ದೀರಾ?

ಹೀಗೆ ಕೇಳುವುದನ್ನು ನನಗೆ ಕಲಿಸಿದವರು ಒಬ್ಬ ಜೀಪ್ ಚಾಲಕರು. ಅವರ ಬಲಗೈ ಹೆಬ್ಬೆರಳಿನ ಉಗುರು ಸವೆದು ಚಪ್ಪಟೆಯಾಗಿತ್ತು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಮೇಣದಬತ್ತಿಯ ತುಂಡು ಇರುತ್ತಿತ್ತು. ಉಗುರು ಸವೆದದ್ದು ಜೀಪಿನ ಹುಡ್ಡಿನ ಗುಂಡಿಗಳನ್ನು ಒತ್ತಿ ಒತ್ತಿ. ಮೇಣ ಇದ್ದದ್ದು ಕಿಟಕಿಯ ಜಿಪ್ಪುಗಳಿಗೆ ಸವರಲು. ವಳಕಮದಿನ್ನಿಯ ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು.

ನಮ್ಮೂರಿನಿಂದ ಸಿಂಧನೂರಿನ ಕಾಲೇಜಿಗೆ ಹೋಗಲು ಹೊತ್ತಿಗೆ ಸರಿಯಾದ ಬಸ್ಸಿರಲಿಲ್ಲ. ಚಾಚಾನ ಜೀಪೇ ನಮ್ಮ ಬಸ್ಸು. ಅದಕ್ಕೆ ತಗಡಿನ ಮೇಲ್ಛಾವಣಿ ಇರಲಿಲ್ಲ. ಮಸ್ಕಿಯಲ್ಲಿ ಹೊಲಿಸಿದ ದಪ್ಪ ಬಟ್ಟೆಯ ಹುಡ್ಡು ಇತ್ತು. ಅದರ ಪಕ್ಕಗಳಿಗೂ ಹಿಂಬದಿಗೂ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿಗಳು. ಬೇಕಾದಾಗ ಜಿಪ್ಪು ಎಳೆದು ಕೂಡಿಸಬಹುದು, ಬೇಡವಾದಾಗ ಬಿಚ್ಚಿಡಬಹುದು. ಚಾಚಾ ಲಿಂಗಸುಗೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮಸುಕಿಲ್ಲದ್ದನ್ನೇ ಆರಿಸಿ ತಂದಿದ್ದರು.

ರವಿವಾರ ಅದೇ ಜೀಪು ಭತ್ತದ ಚೀಲ ಹೊರುತ್ತಿತ್ತು. ಚೀಲದ ಒರಟು ಮೂಲೆ ತಾಗಿದರೆ ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆ. ಹಾಗಾಗಿ ಶನಿವಾರ ಸಂಜೆ ಕಿಟಕಿ ಬಿಚ್ಚುವುದು, ಸೋಮವಾರ ಬೆಳಿಗ್ಗೆ ಕೂಡಿಸುವುದು ಅವರ ವಾರದ ಕಟ್ಟಳೆ. ಮೊದಲು ನೀರು ಸುರಿದು ಧೂಳನ್ನು ಇಳಿಸುತ್ತಿದ್ದರು, ಆಮೇಲಷ್ಟೇ ಮೆತ್ತನೆಯ ಬಟ್ಟೆ ಮುಟ್ಟಿಸುತ್ತಿದ್ದರು. ಹಸಿ ಪೂರ್ತಿ ಆರಿದ ಮೇಲೆ ಹೆಂಡತಿಯ, ನಮ್ಮೆಲ್ಲರ ಚಾಚಿಯ, ಹಳೆಯ ಸೀರೆಯಲ್ಲಿ ಸುತ್ತಿ, ಹಗ್ಗ ಹೆಣೆದ ಹೊರಸಿನ ಕೆಳಗಿನ ಹಲಗೆಯ ಮೇಲೆ ಉದ್ದಕ್ಕೆ ಮಲಗಿಸುತ್ತಿದ್ದರು. ಮಡಚುವ ಮಾತೇ ಇಲ್ಲ.

"ಮಡಚಿದ್ರ ಗೆರಿ ಬೀಳ್ತೈತಿ. ಗೆರಿ ಬಿದ್ದಲ್ಲೇ ನಾಳಿ ಸೀಳ್ತೈತಿ" ಎನ್ನುತ್ತಿದ್ದರು.

"ನನ್ನ ಟ್ರಂಕಿಗೆ ಮನ್ಯಾಗ ಜಾಗ ಇಲ್ಲ, ಈ ಮನುಷ್ಯಾನ ಕಿಡಕಿಗೆ ಐತಿ ನೋಡ್ರವ್ವಾ" ಎಂದು ಚಾಚಿ ನಮ್ಮೆದುರು ದೂರುತ್ತಿದ್ದರು.

ಕಿಟಕಿ ಕೂಡಿಸುವಾಗ ನಾವು ಆತುರದಿಂದ ಜಿಪ್ಪು ಜಗ್ಗಿದರೆ ಚಾಚಾನ ಕೈ ಅಡ್ಡ ಬರುತ್ತಿತ್ತು. "ಜಬರ್ದಸ್ತಿ ಬ್ಯಾಡ್ರೀ. ಎರಡೂ ಕಡಿ ಹಲ್ಲು ಎದುರಾಬದುರು ನಿಲ್ಲಲಿ, ತಾನ ಬರ್ತೈತಿ." ಮೇಲಿನ ಅಂಚನ್ನು ಮೊದಲು ಹಿಡಿಸಿ, ಎರಡೂ ಪಕ್ಕಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಕಡೆಗೆ ಕೆಳಗಿನ ಗುಂಡಿ ಒತ್ತುತ್ತಿದ್ದರು. ಕಿಟಕಿ ಬಿಗಿಯಾದ ಮೇಲೆ ಕಾಲುವೆ ದಂಡೆಯ ಧೂಳು ಹೊರಗೇ ಉಳಿಯುತ್ತಿತ್ತು, ಬೆಳಕು ಒಳಗೆ ಬರುತ್ತಿತ್ತು. ನನ್ನ ಚರ್ಚಾಸ್ಪರ್ಧೆಗಳ ಅರ್ಧ ತಯಾರಿ ನಡೆದದ್ದು ಆ ಬೆಳಕಿನಲ್ಲಿ.

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಊರಿನಲ್ಲಿ ಒಂದು ಮಾತು ಎದ್ದಿತು. ಬೈಕಿನ ಮೇಲೆ ಬರುವ ಕೆಲವು ಹುಡುಗರು ಜೀಪಿನ ಪಕ್ಕಕ್ಕೇ ಬಂದು ಒಳಗೆ ಇಣುಕುತ್ತಿದ್ದರು. ತಪ್ಪು ಇಣುಕುವವರದು, ಶಿಕ್ಷೆ ಮಾತ್ರ ಒಳಗಿದ್ದ ನಮಗೆ ನಿಶ್ಚಯವಾಯಿತು. ನನ್ನ ಅಜ್ಜ, ಊರೇ ಮುತ್ಯಾ ಎಂದು ಕರೆಯುತ್ತಿದ್ದ ಹಿರಿಯರು, ಚಾಚಾನನ್ನು ಮನೆಗೆ ಕರೆಸಿದರು.

"ಕಿಡಕಿ ಬಿಚ್ಚಿ ತಾಡಪತ್ರಿ ಕಟ್ಟು. ಇಲ್ಲಾಂದ್ರ ನಾಳಿಂದ ನಮ್ಮ ಹುಡುಗಿ ಕಾಲೇಜು ಬಂದ್. ಉಳಿದವರೂ ಅದನ್ನೇ ಅಂತಾರ."

ನಾನು ಎದ್ದು ನಿಂತು ವಾದಿಸಿದೆ. ಹಕ್ಕು, ಸಮಾನತೆ, ನ್ಯಾಯ, ಒಂದನ್ನೂ ಬಿಡಲಿಲ್ಲ. ಅಜ್ಜ ಎಲ್ಲವನ್ನೂ ಕೇಳಿ, "ಚಲೋ ಮಾತಾಡ್ತಿ ಬೇ. ಗೆದ್ದವ್ರಿಗೆ ಕೊಡೋ ಕಪ್ಪು ಇದ್ರ ಕೊಡ್ತಿದ್ದೆ" ಎಂದರು. ಜಗಲಿಯಲ್ಲಿ ಕುಳಿತವರು ನಕ್ಕರು. ಚಾಚಾ ಮಾತ್ರ ಒಂದು ಮಾತೂ ಎದುರಾಡದೆ, "ಆಯ್ತ್ರೀ ಮುತ್ಯಾ, ಕಟ್ತೀನಿ" ಎಂದು ಹೊರಟುಹೋದರು. ಆ ದಿನ ನನಗೆ ಅಜ್ಜನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಮರುದಿನ ಜೀಪು ನಮ್ಮ ಬಾಗಿಲಿಗೆ ಬಂದಾಗ ಸುತ್ತಲೂ ಬೆಳಕು ತೂರದ ಟಾರ್ಪಾಲು, ಕರಿ ತಾಡಪತ್ರಿ, ಬಿಗಿದಿತ್ತು. ಚಾಚಾ ಕೆಳಗಿಳಿದು ಅಜ್ಜನಿಗೆ ನಮಸ್ಕರಿಸಿದರು.

"ಮುತ್ಯಾ, ಇವತ್ತ ನೀವೂ ಹಿಂದ ಕುಂದರ್ರೀ. ಗಾಳಿಗೆ ಎಲ್ಲಿ ಬಿಚ್ತೈತಿ ನೋಡಿ ಹೇಳ್ರಿ. ಅಲ್ಲಿ ಇನ್ನಷ್ಟು ಬಿಗಿ ಮಾಡ್ತೀನಿ."

ಕೆಲಸದ ತಪಾಸಣೆ ಎಂದ ಮೇಲೆ ಅಜ್ಜ ಒಲ್ಲೆ ಎನ್ನುವರೇ? ತಲೆಯ ಪಟಗ ಸರಿಮಾಡಿಕೊಂಡು ನಮ್ಮ ನಡುವೆ ಬಂದು ಕುಳಿತರು. ಜೀಪು ಕಾಲುವೆ ದಂಡೆ ಹಿಡಿಯಿತು. ಒಳಗೆ ಕತ್ತಲು, ಸೆಕೆ, ತಾಡಪತ್ರಿಯ ಕಮಟು. ತಿರುವು ಬರುವುದು ಕಾಣದೆ ಅಜ್ಜನ ತಲೆ ಹುಡ್ಡಿನ ಕಂಬಿಗೆ ಬಡಿಯಿತು.

"ಎಲ್ಲಿಗೆ ಬಂದ್ವೋ?"

"ತಾಡಪತ್ರೀನ ಕೇಳ್ರಿ ಮುತ್ಯಾ!" ಮುಂದಿನಿಂದ ಚಾಚಾನ ದನಿ.

ನಾವು ನಗು ತಡೆಯಲು ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡೆವು. ಇನ್ನೊಂದಿಷ್ಟು ದೂರ ಹೋದ ಮೇಲೆ ಅಜ್ಜ ಮೆಲ್ಲಗೆ ಕೇಳಿದರು: "ದಿನಾ ಹಿಂಗ ಹೋಗ್ತೀರೇನು ನೀವು?"

ನನ್ನ ಗೆಳತಿ ಉತ್ತರಿಸಿದಳು: "ಇಲ್ಲ ಮುತ್ಯಾ. ಇವತ್ತಿಂದ."

ಅಜ್ಜ ಕಾಲೇಜಿನ ಗೇಟಿನಲ್ಲಿ ಇಳಿದು ಕಣ್ಣು ಕಿರಿದು ಮಾಡಿ ನಿಂತರು. ಬಳಿಕ ಕಡೆಯ ಅನುಮಾನವನ್ನು ಹೊರಹಾಕಿದರು: "ಮತ್ತ ಆ ಬೈಕಿನ ಹುಡುಗ್ರು?"

"ಕಿಡಕಿ ಇದ್ರ ಒಳಗಿನವ್ರಿಗೂ ಅವರು ಕಾಣ್ತಾರಲ್ರೀ. ಯಾರ ಮಗಾ ಅಂತ ಹುಡುಗ್ಯಾರು ನಿಮಗ ಹೇಳ್ತಾರ. ತಾಡಪತ್ರಿ ಕಟ್ಟಿದ್ರ ಗುರ್ತು ಸಿಗದ ಪಾರಾಗಾವ್ರು ಅವ್ರ" ಎಂದರು ಚಾಚಾ.

ಅಜ್ಜ ನನ್ನ ಕಡೆ ತಿರುಗಿದರು. "ನೋಡಿ ಹೇಳು. ಅವರಪ್ಪನ ಕೂಡ ನಾ ಮಾತಾಡ್ತೀನಿ."

ಚಾಚಾ ಮುಂದಿನ ಸೀಟಿನಿಂದ ಸೀರೆ ಸುತ್ತಿದ ಕಟ್ಟನ್ನು ಎತ್ತಿಕೊಂಡರು. ಕಿಟಕಿಗಳನ್ನು ಅವರು ಮನೆಯಲ್ಲಿ ಬಿಟ್ಟು ಬಂದಿರಲೇ ಇಲ್ಲ. ಪಕ್ಕದಲ್ಲೇ ಕೂರಿಸಿಕೊಂಡು ತಂದಿದ್ದರು. ಒಂದು ಅಂಚನ್ನು ಅಜ್ಜ ಹಿಡಿದರು, ಇನ್ನೊಂದನ್ನು ಚಾಚಾ. ಅಜ್ಜ ಅವಸರದಲ್ಲಿ ಜಿಪ್ಪು ಎಳೆಯಲು ಹೋದಾಗ ನಾವೆಲ್ಲ ಒಂದೇ ದನಿಯಲ್ಲಿ ಕೂಗಿದೆವು: "ಜಬರ್ದಸ್ತಿ ಬ್ಯಾಡ್ರೀ ಮುತ್ಯಾ!"

ಆ ವಾರವೇ ನಾವು ನೋಡಿ ಹೇಳಿದೆವು, ಅಜ್ಜ ಹೋಗಿ ಮಾತನಾಡಿದರು, ಬೈಕುಗಳು ದೂರವಾದವು. ಜೀಪಿನಲ್ಲಿದ್ದ ನಾವೆಲ್ಲರೂ ಪದವಿ ಮುಗಿಸಿದೆವು. ಗೆದ್ದ ಚರ್ಚಾಸ್ಪರ್ಧೆಗಳು ನನಗಿವೆ. ಆದರೆ ಎದುರಾಳಿಯನ್ನು ಸೋಲಿಸದೆ, ನಮ್ಮ ಪಕ್ಕದಲ್ಲಿ ತಂದು ಕೂರಿಸುವ ವಾದವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಚಾಚಾ ಹೋದ ವರ್ಷ ತೀರಿಕೊಂಡರು. ಜೀಪು ಅದಕ್ಕೂ ಮೊದಲೇ ಗುಜರಿ ಸೇರಿತ್ತು. ಚಾಚಿ ಈಗ ಮಸ್ಕಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮಾತನಾಡಿಸಲು ಹೋದಾಗ ಹೊರಸಿನ ಕೆಳಗೆ ಅದೇ ಹಲಗೆ, ಅದೇ ಸೀರೆ. "ಗಾಡಿ ಹೋತು, ಗಾಡಿ ನಡಸಾವ್ರೂ ಹೋದ್ರು. ಇವು ಮಾತ್ರ ಮಲಗ್ಯಾವ ನೋಡವ್ವಾ. ಬಿಸಾಕಾಕ ಕೈ ಬರವಲ್ದು" ಎಂದರು. ನಾನು ಸೀರೆ ಸರಿಸಿ ನೋಡಿದೆ. ಅಲ್ಲಲ್ಲಿ ಹಳದಿ ತಿರುಗಿತ್ತು, ಆದರೆ ಎಲ್ಲಿಯೂ ಗೆರೆ ಇರಲಿಲ್ಲ. ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ ಚಾಚಿಯ ಕೈ ಇನ್ನೂ ಕಾಣುತ್ತಿತ್ತು.

ನಾನೀಗ ಲಿಂಗಸುಗೂರಿನಲ್ಲಿದ್ದುಕೊಂಡು, ಹುಡುಗಿಯರ ಓದು ನಿಲ್ಲಿಸಬೇಡಿ ಎಂದು ಹಳ್ಳಿಹಳ್ಳಿಗೆ ಹೇಳುತ್ತ ತಿರುಗುತ್ತೇನೆ. ಪರದೆ ಕಟ್ಟುವ ಮಾತು ಇಂದಿಗೂ ಎಲ್ಲ ಕಡೆ ಕೇಳುತ್ತದೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಮನೆಯ ಹುಡುಗಿಯ ಕಾಲೇಜಿನ ಬಗ್ಗೆ ಯಾವ ತೀರ್ಮಾನವನ್ನಾದರೂ ಮಾಡುವ ಮೊದಲು, ಒಂದು ಬೆಳಿಗ್ಗೆ ಅವಳ ಜೊತೆ ಅವಳು ಹೋಗುವ ಗಾಡಿ ಹತ್ತಿ, ಅವಳು ಕೂರುವ ಜಾಗದಲ್ಲಿ ಕುಳಿತು, ಕಾಲೇಜಿನ ಗೇಟಿನವರೆಗೆ ಹೋಗಿಬನ್ನಿ.