ಕಾರು ಕೊಡುವ ಮುನ್ನ ಒಂದು ಪರೀಕ್ಷೆ

"ಮೊದ್ಲು ನೀವು ಓಡ್ಸಿ ತೋರ್ಸಿ ಸಾರ್. ಕೊಡೋದು, ಬಿಡೋದು ಆಮೇಲೆ ಹೇಳ್ತೀನಿ" ಎಂದರು, ತಮ್ಮ ಹಳೆಯ ಫಿಯಟ್ ಕಾರನ್ನು ನನಗೆ ಮಾರಲೆಂದು ಕೊಯಮತ್ತೂರಿನಿಂದ ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆ ಬಾಗಿಲಿಗೇ ತಂದಿದ್ದ ಕನ್ನಡಿಗ ಹಿರಿಯರು.

ಎಪ್ಪತ್ತರ ದಶಕದ ಮಾತು. ಅದುವರೆಗೆ ವ್ಯವಹಾರವೆಲ್ಲ ಕಾಗದದಲ್ಲೇ ನಡೆದಿತ್ತು. ಪರೀಕ್ಷೆ ಮಾಡಬೇಕಾದವನು ನಾನು ಎಂದುಕೊಂಡಿದ್ದೆ! ಅವರನ್ನು ಪಕ್ಕದಲ್ಲಿ, ಅವರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಲು ಹೇಳಿದರು. ಎರಡು ಸಲ ಎಂಜಿನ್ ನಿಂತುಹೋಯಿತು. ಅವರ ಮುಖ ಗಂಟಾಯಿತು. ಕಾರು ಕೈತಪ್ಪಿತೆಂದೇ ಅಂದುಕೊಂಡೆ.

"ಸಾಕು, ಕೊಡ್ರೀ! ಮಗಳ ಮದುವೇಲೂ ಹುಡುಗನ್ನ ಇಷ್ಟೊಂದು ಪರೀಕ್ಷೆ ಮಾಡ್ಲಿಲ್ಲ ನೀವು" ಎಂದರು ಹಿಂದೆ ಕೂತಿದ್ದ ಆಕೆ. ಹಿರಿಯರು ನಕ್ಕುಬಿಟ್ಟರು. ಕಾರು ನನ್ನದಾಯಿತು.

ತಿಂಗಳ ನಂತರ ಕಾರಿನ ಯೋಗಕ್ಷೇಮ ವಿಚಾರಿಸಿ ಅವರ ಕಾಗದ ಬಂತು. ಹಿಂದಿನ ಕಾಗದಗಳೆಲ್ಲ 'ಮಾನ್ಯರೇ' ಎಂದು ಶುರುವಾಗುತ್ತಿದ್ದವು. ಇದರ ಮೊದಲ ಸಾಲು: 'ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು.'